ಯಂತ್ರದ ಮಾತು, ಮನುಷ್ಯನ ಹೊಣೆ

2022ನೆಯ ಇಸವಿ ನವೆಂಬರ್ 30ರಂದು ಅಮೆರಿಕಾ ದೇಶದ ಓಪನ್‌ಎಐ ಎಂಬ ಕಂಪೆನಿಯವರು ಚಾಟ್‌ಜಿಪಿಟಿ ಎಂಬ ಸಾಧನವನ್ನು ಸರ್ವಜನರ ಉಪಯೋಗಕ್ಕಾಗಿ ತೆರೆದರು. ಕೃತಕ ಬುದ್ಧಿಮತ್ತೆ ಎನಿಸಿಕೊಳ್ಳುವ ಇಂಥ ಸಾಧನಗಳು ಸ್ವಲ್ಪ ಕಾಲದೊಳಗೆ ಶಾಲೆ, ಕಚೇರಿ, ನ್ಯಾಯಸ್ಥಾನಗಳನ್ನು ಪ್ರವೇಶಿಸಿದವು. ಇಷ್ಟು ತೀವ್ರವಾಗಿ ಬಂದದ್ದನ್ನು ನಾವು ಹೇಗೆ ಬಳಸತಕ್ಕದ್ದೆಂಬದನ್ನು ಒಂದು ವ್ಯಾಜ್ಯದಿಂದ ಕಲಿಯೋಣ.

1. ನಡೆದ ಸಂಗತಿ.— ವಿಮಾನದಲ್ಲಿ ಆಹಾರ ಹಂಚುವ ಲೋಹದ ಗಾಡಿ ತಗಲಿ ಮೊಣಕಾಲಿಗೆ ಗಾಯವಾಯಿತೆಂದು ಒಬ್ಬ ಪ್ರಯಾಣಿಕನು ನ್ಯೂಯಾರ್ಕಿನಲ್ಲಿ ವ್ಯಾಜ್ಯ ಹೂಡಿದ್ದನು. 2023ರಲ್ಲಿ ಅವನ ವಕೀಲರು ತಮ್ಮ ವಾದಪತ್ರದಲ್ಲಿ ಹಿಂದಿನ ಕೆಲವು ತೀರ್ಪುಗಳನ್ನು ಆಧಾರವಾಗಿ ತೋರಿಸಿದರು. ಎದುರು ಪಕ್ಷದವರು ಹುಡುಕಲಾಗಿ ಅವುಗಳಲ್ಲಿ ಹಲವು ಎಲ್ಲಿಯೂ ಸಿಕ್ಕಲಿಲ್ಲ. ಯಾಕಂದರೆ ಅಂಥ ತೀರ್ಪುಗಳು ಎಂದೂ ಆಗಿರಲೇ ಇಲ್ಲ. ಚಾಟ್‌ಜಿಪಿಟಿಯೇ ಅವುಗಳನ್ನು ಕಲ್ಪಿಸಿತ್ತು. ಇವು ನಿಜವೋ ಎಂದು ವಕೀಲನು ಅದನ್ನೇ ಕೇಳಿದ್ದನು. ನಿಜವೆಂದು ಅದು ಉತ್ತರಕೊಟ್ಟಿತ್ತು. ಸಾಲಗಾರನಿಗೆ ಅವನೇ ಜಾಮೀನು ನಿಂತ ಹಾಗಾಯಿತು.

2. ಕಾರಣ.— ಈ ಯಂತ್ರವು ಅಪಾರವಾದ ಬರಹಗಳಿಂದ ಯಾವ ಮಾತಿನ ಹಿಂದೆ ಯಾವ ಮಾತು ಬರುವದುಂಟೆಂದು ಕಲಿತು, ಆ ರೂಢಿಯ ಮೇರೆಗೆ ವಾಕ್ಯಗಳನ್ನು ಹೆಣೆಯುತ್ತದೆ. ಆದಕಾರಣ ಅದರ ತಪ್ಪು ಸಹ ಸತ್ಯದ ಉಡುಪಿನಲ್ಲಿಯೇ ಬರುತ್ತದೆ.

3. ತೀರ್ಪು.— ಅದೇ ವರುಷ ಜೂನ್ 22ರಂದು ನ್ಯಾಯಾಧಿಪತಿ ಕೆವಿನ್ ಕಾಸ್ಟೆಲರು 5,000 ಡಾಲರುಗಳ ದಂಡ ವಿಧಿಸಿದರು. ಯಂತ್ರದ ಸಹಾಯ ತೆಗೆದುಕೊಂಡದ್ದೇ ದೋಷವೆಂದು ಅವರು ಹೇಳಲಿಲ್ಲ. ಪರೀಕ್ಷಿಸದೆ ಒಪ್ಪಿಸಿದ್ದೂ ಸಂದೇಹ ಎದ್ದ ಮೇಲೆಯೂ ಅದನ್ನೇ ಹಿಡಿದುಕೊಂಡದ್ದೂ ದೋಷವೆಂದರು.

4. ಸಮೀಪದ ದೃಷ್ಟಾಂತ.— ನಮ್ಮ ನೆರೆಯ ಕೇರಳದ ಹೈಕೋರ್ಟು 2025ರ ಜುಲೈ ತಿಂಗಳಲ್ಲಿ ಜಿಲ್ಲಾ ನ್ಯಾಯಸ್ಥಾನಗಳಿಗೆ ನಿಯಮಗಳನ್ನು ಮಾಡಿತು. ತೀರ್ಪನ್ನು ಯಂತ್ರದಿಂದ ಮಾಡಿಸಕೂಡದು. ಅದು ಮಾಡಿದ ಭಾಷಾಂತರವನ್ನು ಬಲ್ಲ ಭಾಷಾಂತರಕಾರರು ಇಲ್ಲವೆ ನ್ಯಾಯಾಧೀಶರು ಪರಿಶೋಧಿಸತಕ್ಕದ್ದು.

5. ನಮಗೆ ಪಾಠ.— ಅಕ್ಷರವರಿಯದ ನಮ್ಮ ಹಿರಿಯರು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು, ಬರೆದವನಲ್ಲದೆ ಮತ್ತೊಬ್ಬನಿಂದ ಅದನ್ನು ಓದಿಸಿ ಕೇಳುತ್ತಿದ್ದರು. ಆ ಜಾಣತನ ಈಗಲೂ ಬೇಕು. ಫೋನು ನಿಮ್ಮ ಅರ್ಜಿಯನ್ನು ಬರೆದುಕೊಟ್ಟರೆ ರುಜು ಹಾಕುವ ಮುಂಚೆ ತಿಳಿದವರಿಗೆ ತೋರಿಸಿರಿ. ಮಗುವಿನ ಜ್ವರಕ್ಕೆ ಅದು ಔಷಧದ ಅಳತೆ ಹೇಳಿದರೆ ವೈದ್ಯರನ್ನು ಕೇಳದೆ ಕುಡಿಸಬೇಡಿರಿ. ಯಂತ್ರವು ದಂಡ ತೆರುವದಿಲ್ಲ, ಮಗುವಿಗಾಗಿ ಅಳುವದೂ ಇಲ್ಲ, ಹೊಣೆ ನಮ್ಮದೇ.

ಆಲೋಚನೆಗೆ ಪ್ರಶ್ನೆಗಳು: (1) ವಕೀಲನು ಯಾರನ್ನು ವಿಚಾರಿಸಬೇಕಾಗಿತ್ತು? (2) ಕಳೆದ ವಾರ ನೀವು ಫೋನಿನ ಯಾವ ಮಾತನ್ನು ಪರೀಕ್ಷಿಸದೆ ನಂಬಿದಿರಿ?