ಸಿಲಿಂಡರ್ ಒಳಗಿಡುವ ಮುನ್ನ ಬಾಗಿಲಲ್ಲೇ ನೋಡಿ

ಅಡುಗೆ ಅನಿಲವೆಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ. ಅದನ್ನು ತುಂಬುವ ಸಿಲಿಂಡರುಗಳಿಗೆ ಕೇಂದ್ರ ಸರ್ಕಾರದ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ಇವುಗಳ ಉಸ್ತುವಾರಿ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯದು (ಪೆಸೊ). ನಿಯಮ ಬಿಗಿಯಾಗಿದ್ದರೂ ಕೊನೆಯ ತಪಾಸಣೆ ಆಗಬೇಕಾದದ್ದು ನಿಮ್ಮ ಮನೆ ಬಾಗಿಲಲ್ಲಿ. ಅಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

1. ಸೀಲ್, ತೂಕ: ಕಂಪನಿಯ ಸೀಲ್ ಒಡೆದಿದ್ದರೆ ಸಿಲಿಂಡರ್ ಪಡೆಯಬೇಡಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಅದಕ್ಕೆ 14.2 ಕೆ.ಜಿ. ಕೂಡಿಸಿದರೆ ಒಟ್ಟು ತೂಕ ಸಿಗುತ್ತದೆ. ತೂಗಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಸಂಕೋಚ ಬೇಡ.

2. ಅಕ್ಷರ ಮತ್ತು ಅಂಕಿ: ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ. ಸಿಲಿಂಡರಿನ ಮೇಲಿನ ಹಿಡಿಬಳೆಗೆ ಆಸರೆಯಾಗಿ ಮೂರು ಉಕ್ಕಿನ ಪಟ್ಟಿಗಳಿವೆ. ಅವುಗಳಲ್ಲಿ ಒಂದರ ಒಳಮೈಯಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಒಂದನ್ನೂ ಜೊತೆಗೆ ಎರಡು ಅಂಕಿಗಳನ್ನೂ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿಯನ್ನು ಹೇಳುತ್ತದೆ. ‘ಬಿ 28’ ಎಂದಿದ್ದರೆ 2028ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು ಎಂದರ್ಥ.

ಕೆಲವರು ‘ಎ’ ಕಂಡರೆ ಮೊದಲ ದರ್ಜೆಯ ಮಾಲು ಎಂದುಕೊಳ್ಳುತ್ತಾರೆ. ಇನ್ನು ಕೆಲವರು ಔಷಧಿಯಂತೆ ಒಳಗಿನ ಅನಿಲಕ್ಕೇ ಅವಧಿ ಇದೆ ಎಂದು ಭಾವಿಸುತ್ತಾರೆ. ಎರಡೂ ತಪ್ಪು. ಅವಧಿ ಇರುವುದು ಉಕ್ಕಿನ ಸಿಲಿಂಡರಿನ ಒತ್ತಡ ಪರೀಕ್ಷೆಗೆ. ಹೊಸ ಸಿಲಿಂಡರಿಗೆ 10 ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ 5 ವರ್ಷಕ್ಕೊಮ್ಮೆ. ದಿನಾಂಕ ದಾಟಿದ ಸಿಲಿಂಡರ್ ಆ ಕ್ಷಣಕ್ಕೆ ಸಿಡಿದುಬಿಡುವುದಿಲ್ಲ, ನಿಜ. ಆದರೆ ಅದರ ಬಲವನ್ನು ಯಾರೂ ಪರೀಕ್ಷಿಸಿಲ್ಲ ಎಂಬುದೂ ಅಷ್ಟೇ ನಿಜ. ಅದನ್ನು ವಾಪಸ್ ಕಳಿಸಿ, ಬೇರೆಯದನ್ನೇ ಕೇಳಿ. ‘ಈ ಸಲ ಇಟ್ಟುಕೊಳ್ಳಿ’ ಎಂಬ ಮಾತಿಗೆ ಮಣಿಯಬೇಡಿ. ಅಂದಕ್ಕೆಂದು ಸಿಲಿಂಡರಿಗೆ ಬಟ್ಟೆಯ ಕವಚ ಹೊಲಿಸಿ ಈ ಅಕ್ಷರಗಳನ್ನು ಮುಚ್ಚುವ ರೂಢಿಯೂ ನನಗೆ ಸರಿಕಾಣುವುದಿಲ್ಲ.

3. ವಾಲ್ವ್ ಪರೀಕ್ಷೆ: ಸೀಲ್ ಮತ್ತು ಮುಚ್ಚಳ ತೆಗೆದು, ಒಳಗಿನ ರಬ್ಬರ್ ವಾಷರ್ ಸರಿಯಾಗಿದೆಯೇ, ಸೋರಿಕೆ ಇದೆಯೇ ಎಂಬುದನ್ನು ತಂದವರಿಂದಲೇ ಪರೀಕ್ಷೆ ಮಾಡಿಸಿ. ಅವರು ಹೋದ ಮೇಲೆ ನೋಡಿ ಪ್ರಯೋಜನವಿಲ್ಲ.

4. ಜೋಡಣೆ: ಹತ್ತಿರದಲ್ಲಿ ದೀಪ, ಊದುಬತ್ತಿ ಉರಿಯುತ್ತಿರಬಾರದು. ರೆಗ್ಯುಲೇಟರ್ ಕೂರಿಸಿದ ಮೇಲೆ ಸಂದುಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಪ್ರಾಣಕ್ಕೇ ಕುತ್ತು. ಸಿಲಿಂಡರ್ ಸದಾ ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ.

5. ಪೈಪ್: ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನೇ ಬಳಸಿ. 5 ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ ಬದಲಿಸಿ.

6. ವಾಸನೆ ಬಂದರೆ: ಈ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಬೆಂಕಿ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಈ ಸಹಾಯವಾಣಿ ಇರುತ್ತದೆ.

ಅವಘಡವಾದರೆ ತೈಲ ಕಂಪನಿಗಳ ವಿಮೆಯಿದೆ, ಗ್ರಾಹಕರು ಬೇರೆ ಕಂತು ಕಟ್ಟಬೇಕಿಲ್ಲ. ತಡಮಾಡದೆ ಏಜೆನ್ಸಿಗೆ ಲಿಖಿತವಾಗಿ ತಿಳಿಸಿ. ಮುಂದಿನ ಸಿಲಿಂಡರಿಗೆ ಕಾಯದೆ, ಈಗ ಮನೆಯಲ್ಲಿರುವುದರ ಪಟ್ಟಿಯನ್ನು ಇವತ್ತೇ ಓದಿ ನೋಡಿ.