ಸ್ಕ್ಯಾನಿಂಗ್ ನಾರ್ಮಲ್, ತುತ್ತು ಮಾತ್ರ ಇಳಿಯದು!

‘ಸ್ಕ್ಯಾನಿಂಗ್ ಮಾಡಿಸಿದ್ದೀವಿ ಡಾಕ್ಟ್ರೇ, ಎಲ್ಲಾ ನಾರ್ಮಲ್ ಅಂದಿದ್ದಾರೆ. ಆದ್ರೂ ಇವನಿಗೆ ಮುದ್ದೆ ಇಳಿಯಲ್ಲ, ಚಪಾತಿಗೆ ತುತ್ತಿಗೊಂದು ಗುಟುಕು ನೀರು ಬೇಕು’ ಎನ್ನುತ್ತ ತಾಯಿಯೊಬ್ಬರು ಕಾಲೇಜು ಓದುವ ಮಗನನ್ನು ಕರೆತಂದರು. ಹುಡುಗನಿಗೆ ಚಿಕ್ಕಂದಿನಿಂದ ಅಸ್ತಮಾ. ಮನೆಮಂದಿಯೆಲ್ಲ ಉಂಡೆದ್ದರೂ ಇವನದು ಅರ್ಧ ಊಟವೂ ಆಗಿರುತ್ತಿರಲಿಲ್ಲ. ಸೋಮಾರಿಯೆಂದು ಬೈದದ್ದೂ ಆಗಿತ್ತು.

ಅವರು ಮಾಡಿಸಿದ್ದು ಹೊಟ್ಟೆಯ ಅಲ್ಟ್ರಾಸೌಂಡ್. ಪಿತ್ತಕೋಶದ ಕಲ್ಲು, ಯಕೃತ್ತು, ಮೂತ್ರಪಿಂಡಗಳಿಗೆ ಅದು ಒಳ್ಳೆಯ ಪರೀಕ್ಷೆಯೇ. ಅನ್ನನಾಳದ ವಿಷಯ ಬೇರೆ. ಸುಮಾರು 25 ಸೆಂ.ಮೀ. ಉದ್ದದ ಈ ಕೊಳವೆಯ ಬಹುಭಾಗ ಎದೆಗೂಡಿನೊಳಗೆ, ಶ್ವಾಸನಾಳ ಮತ್ತು ಹೃದಯದ ಹಿಂದೆ ಇದೆ. ಮೂಳೆ ಮತ್ತು ಶ್ವಾಸಕೋಶದ ಗಾಳಿ ಶಬ್ದತರಂಗಗಳಿಗೆ ಅಡ್ಡಿ. ಹಾಗಾಗಿ ಆ ರಿಪೋರ್ಟಿನ ‘ನಾರ್ಮಲ್’ ಅನ್ನನಾಳಕ್ಕೆ ಅನ್ವಯಿಸುವುದಿಲ್ಲ.

ಹೊರಗಿನಿಂದ ಕಾಣದ್ದನ್ನು ಒಳಗಿನಿಂದ ನೋಡಬಹುದಲ್ಲವೆ? ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಎಂದರೆ ಅದೇ. ಎಂಡೋಸ್ಕೋಪಿನ ಜೊತೆ ಪುಟ್ಟ ಪ್ರೋಬನ್ನು ಬಾಯಿಯ ಮೂಲಕ ಇಳಿಸುತ್ತಾರೆ. ಹೊಟ್ಟೆಯ ಸ್ಕ್ಯಾನಿಂಗಿಗೆ ಸಾಮಾನ್ಯವಾಗಿ 3ರಿಂದ 5 ಮೆಗಾಹರ್ಟ್ಸ್ ತರಂಗ ಬಳಸಿದರೆ, ಇಲ್ಲಿ 20 ಮೆಗಾಹರ್ಟ್ಸ್ ಕೂಡ ಬಳಸಬಹುದು. ಅವು ಆಳಕ್ಕೆ ಹೋಗಲಾರವು. ಆದರೆ ಕೆಲವೇ ಮಿಲಿಮೀಟರ್ ದಪ್ಪದ ಗೋಡೆಯನ್ನು ಪದರಪದರವಾಗಿ ತೋರಿಸುತ್ತವೆ.

ಈ ಹುಡುಗನಿಗಿದ್ದುದು ಇಯೊಸಿನೊಫಿಲಿಕ್ ಈಸೊಫ್ಯಾಜೈಟಿಸ್, ಅಂದರೆ ಅಲರ್ಜಿಯ ಸ್ವಭಾವದ ಅನ್ನನಾಳದ ಉರಿಯೂತ. ಇದು ಪ್ರತ್ಯೇಕ ಕಾಯಿಲೆಯೆಂದು ಗುರುತಾದದ್ದು 1990ರ ದಶಕದಲ್ಲಿ. ಇದರಲ್ಲಿ ಒಳಪದರದ ಕೆಳಗಿನ ಪದರಗಳೂ ದಪ್ಪವಾಗಬಹುದು. ಅದು ಆ ಪ್ರೋಬಿಗೆ ಕಾಣುತ್ತದೆ. ಆದರೆ ಏಕೆ ದಪ್ಪವಾಯಿತು ಎಂಬುದನ್ನು ಅದು ಹೇಳಲಾರದು. ಅದಕ್ಕೆ ಬಯಾಪ್ಸಿಯೇ ಬೇಕು. ಸಾಧಾರಣ ಎಂಡೋಸ್ಕೋಪಿಯಲ್ಲೇ ಬೇರೆ ಬೇರೆ ಜಾಗದಿಂದ ಕನಿಷ್ಠ 6 ಚೂರು ತೆಗೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ದೊಡ್ಡದು ಮಾಡಿ ನೋಡಿದ ಒಂದು ನೋಟದಲ್ಲಿ 15 ಅಥವಾ ಹೆಚ್ಚು ಇಯೊಸಿನೊಫಿಲ್ ಕಣಗಳಿದ್ದು, ಬೇರೆ ಕಾರಣ ಇಲ್ಲದಿದ್ದರೆ ರೋಗ ಖಚಿತ. ಒಳಗೋಡೆ ಕಣ್ಣಿಗೆ ಸರಿಯಾಗಿಯೇ ಕಂಡರೂ ಚೂರು ತೆಗೆಯಬೇಕು. ‘ಬಯಾಪ್ಸಿ ಮಾಡ್ತೀರಾ?’ ಎಂದು ನೀವೇ ಕೇಳಿ, ಸಂಕೋಚ ಬೇಡ.

ದುಬಾರಿಯಾದ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇವರೆಲ್ಲರಿಗೂ ಬೇಕಿಲ್ಲ. ಗೋಡೆಯೊಳಗೆ ಗಡ್ಡೆಯ ಅನುಮಾನವಿದ್ದಾಗ ಅದರ ಬೆಲೆ ತಿಳಿಯುತ್ತದೆ. ನಡುವಯಸ್ಸು ದಾಟಿದವರಿಗೆ ಹೊಸದಾಗಿ ನುಂಗಲು ಕಷ್ಟವಾದರಂತೂ ಕ್ಯಾನ್ಸರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಬೇಗನೆ ಎಂಡೋಸ್ಕೋಪಿ ಆಗಬೇಕು.

ಹುಡುಗನಿಗೆ, ಅಸ್ತಮಾಕ್ಕೆ ಎಳೆದುಕೊಳ್ಳುವ ಜಾತಿಯ ಸ್ಟಿರಾಯ್ಡನ್ನೇ ನುಂಗಲು ತಜ್ಞರು ಕೊಟ್ಟರು. ಕೆಲವರಿಗೆ ಆಮ್ಲ ತಗ್ಗಿಸುವ ಮಾತ್ರೆ ಸಾಕಾಗುತ್ತದೆ, ಕೆಲವರು ಹಾಲು, ಗೋಧಿ ಬಿಡಬೇಕಾಗುತ್ತದೆ. ತುತ್ತು ಸಿಕ್ಕಿಕೊಂಡು ಎಂಜಲನ್ನೂ ನುಂಗಲಾಗದಿದ್ದರೆ ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಲು ಹೋಗಬೇಡಿ. ತಡಮಾಡದೆ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.