ಸ್ಕೌಟ್ ದಳದ ನಾಯಕತ್ವವೂ ಒಂದು ಅಮಾನತ್

ಜಯನಗರದಲ್ಲೋ ಬನಶಂಕರಿಯಲ್ಲೋ ಶಾಲೆಗೆ ಹೋಗುವ ಮಗ ಸ್ಕೌಟ್ ಸಮವಸ್ತ್ರ ಧರಿಸಿ ಮನೆಯಿಂದ ಹೊರಡುವುದನ್ನು ಕಂಡು ಸಂತೋಷಪಡದ ತಂದೆ-ತಾಯಿ ಯಾರಿದ್ದಾರೆ? ಕೊರಳಲ್ಲಿ ಸ್ಕಾರ್ಫ್, ಸೊಂಟದಲ್ಲಿ ಬೆಲ್ಟ್, ಮುಖದಲ್ಲಿ ಎಂದಿಲ್ಲದ ಒಂದು ಗಾಂಭೀರ್ಯ. ಆದರೆ ಅದೇ ಮಗುವಿನ ದಳಕ್ಕೆ ಇನ್ನೊಬ್ಬ ನಾಯಕ ಬೇಕಾಗಿದ್ದಾನೆ, ವಾರಕ್ಕೆ ಎರಡು ಗಂಟೆ ಕೊಡುವಿರಾ ಎಂದು ಕೇಳಿ ನೋಡಿ. ಆ ತಂದೆಗೆ ಅಂಗಡಿಯ ನೆನಪಾಗುತ್ತದೆ, ಕಂಪೆನಿಯ ಶಿಫ್ಟ್ ನೆನಪಾಗುತ್ತದೆ, ಭಾನುವಾರದ ವಲೀಮಾ ನೆನಪಾಗುತ್ತದೆ. ಮಕ್ಕಳನ್ನು ಕಳಿಸಲು ನಾವೆಲ್ಲ ಸಿದ್ಧ. ಅವರ ಮುಂದೆ ನಿಲ್ಲಲು ಮಾತ್ರ ಬೇರೆ ಯಾರಾದರೂ ಬೇಕು.

ಆ ಎರಡು ಗಂಟೆಗಳ ಕುರಿತೇ ಇಲ್ಲಿ ಕೆಲವು ಮಾತುಗಳು.

ಸ್ಕೌಟ್ ಚಳವಳಿ ನಮ್ಮ ಊರಿಗೆ ಹೊರಗಿನದಲ್ಲ. ಭಾರತದ ಮೊದಲ ಸ್ಕೌಟ್ ದಳ ಆರಂಭವಾದದ್ದೇ ಬೆಂಗಳೂರಿನಲ್ಲಿ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಎಂಬವರು ಅದನ್ನು ಕಟ್ಟಿದರು. ಅದಕ್ಕೆ ಎರಡು ವರ್ಷ ಮೊದಲು, 1907ರ ಆಗಸ್ಟ್ ತಿಂಗಳಲ್ಲಿ, ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಒಂದು ಪ್ರಯೋಗ ನಡೆಸಿದ್ದರು. ಸಿರಿವಂತರ ದೊಡ್ಡ ಶಾಲೆಗಳ ಹುಡುಗರನ್ನೂ ಸಮೀಪದ ಪಟ್ಟಣಗಳ ದುಡಿಯುವ ಮನೆತನಗಳ ಹುಡುಗರನ್ನೂ ಒಂದೇ ಡೇರೆಯಲ್ಲಿ ಮಲಗಿಸಿ, ನಾಲ್ಕು ಗುಂಪುಗಳಾಗಿ ಬೆರೆಸಿ, ಒಟ್ಟಿಗೆ ಅಡುಗೆ ಮಾಡಿಸಿದರು. ಹೀಗೆ ಬೆರೆಸುವುದರಿಂದಲೇ ಹುಟ್ಟಿದ ಚಳವಳಿ ಭಾರತಕ್ಕೆ ಬಂದಾಗ ಆರಂಭದಲ್ಲಿ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಷ್ಟೇ ಸೀಮಿತವಾಗಿತ್ತೆಂಬುದು ವಿಪರ್ಯಾಸ. ಈ ನೆಲದ ಮಕ್ಕಳಿಗೆ ಬಾಗಿಲು ತೆರೆಸಲು ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ, ವಿವಿಯನ್ ಬೋಸ್ ಮೊದಲಾದವರು ಶ್ರಮಿಸಬೇಕಾಯಿತು. ಬೇರೆಬೇರೆಯಾಗಿ ಬೆಳೆದ ಆ ಸಂಘಗಳು 1950ರ ನವೆಂಬರ್ 7ರಂದು ಒಂದಾಗಿ 'ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್' ಆಯಿತು. ಈ ಒಗ್ಗೂಡಿಕೆಗಾಗಿ ಪ್ರಯತ್ನಿಸಿದವರಲ್ಲಿ ಅಂದಿನ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಮ್ ಆಝಾದ್ ಕೂಡ ಒಬ್ಬರು. ನಮ್ಮ ಮಕ್ಕಳಿಗೆ ಇದನ್ನು ಹೇಳುವವರು ಕಡಿಮೆ.

ಈಗ ಕೆಲಸದ ವಿಚಾರಕ್ಕೆ ಬರೋಣ. ಸ್ಕೌಟ್ ಮಾಸ್ಟರ್ ಎಂದರೆ ಸೀಟಿ ಊದಿ 'ಎಡ-ಬಲ' ಹೇಳಿಸುವವನು ಎಂಬ ಕಲ್ಪನೆ ಅನೇಕರಲ್ಲಿದೆ. ತಾನು ಸೈನ್ಯದಲ್ಲಿದ್ದವನಲ್ಲ, ಗಂಟು ಹಾಕಲು ಬರುವುದಿಲ್ಲ, ಡೇರೆ ಕಟ್ಟಿ ಗೊತ್ತಿಲ್ಲ ಎಂದು ಹಿಂಜರಿಯುವವರು ಇದರಿಂದಲೇ ಹಿಂಜರಿಯುತ್ತಾರೆ. ಗಂಟು ಒಂದು ಸಂಜೆಯಲ್ಲಿ ಕಲಿಯಬಹುದಾದ ವಿದ್ಯೆ. ಗಾಯದ ಪಟ್ಟಿಯ ಎರಡು ತುದಿ ಸೇರಿಸಲು ರೀಫ್ ನಾಟ್, ಕಂಬಕ್ಕೆ ಹಗ್ಗ ಬಿಗಿಯಲು ಕ್ಲೋವ್ ಹಿಚ್, ಬಾವಿಗೆ ಬಿದ್ದವನನ್ನು ಎತ್ತಲು ಜಾರದ ಕುಣಿಕೆಯ ಬೋಲೈನ್: ಇವನ್ನು ಹತ್ತು ವರ್ಷದ ಮಗು ಕಲಿಯುವುದಾದರೆ ನಲವತ್ತರ ತಂದೆಗೇಕೆ ಕಷ್ಟ? ನಾಯಕರಿಗೆಂದೇ ಬೇಸಿಕ್, ಅಡ್ವಾನ್ಸ್ಡ್, ಆ ಬಳಿಕ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ತರಬೇತಿಗಳಿವೆ. ನಮ್ಮ ರಾಜ್ಯ ಸಂಸ್ಥೆಗೆ ಅರಮನೆ ರಸ್ತೆಯಲ್ಲಿ ಕಚೇರಿಯೂ ದೊಡ್ಡಬಳ್ಳಾಪುರದಲ್ಲಿ ತರಬೇತಿ ಕೇಂದ್ರವೂ ಇವೆ. ವಿದ್ಯೆಗೆ ಕೊರತೆಯಿಲ್ಲ. ಕಲಿಸಲಾಗದ್ದು ಬೇರೆ ಎರಡಿವೆ. ಅವುಗಳನ್ನು ನಾಯಕನು ಮನೆಯಿಂದಲೇ ತರಬೇಕು.

ಮೊದಲನೆಯದು, ಅಧಿಕಾರವನ್ನು ಬಿಟ್ಟುಕೊಡುವ ಮನಸ್ಸು. ಸ್ಕೌಟ್ ದಳದ ಜೀವ ಇರುವುದು ಪ್ಯಾಟ್ರೋಲ್ ಪದ್ಧತಿಯಲ್ಲಿ. ಆರರಿಂದ ಎಂಟು ಹುಡುಗರ ಒಂದು ಗುಂಪು, ಅದಕ್ಕೆ ಅವರಲ್ಲೇ ಒಬ್ಬ ಮುಖ್ಯಸ್ಥ. ಹೀಗೆ ನಾಲ್ಕು ಗುಂಪು ಸೇರಿದರೆ ಒಂದು ತುಂಬಿದ ದಳ. ಸ್ಕೌಟ್ ಮಾಸ್ಟರ್ ಪಾಠ ಹೇಳಬೇಕಾದದ್ದು ಮುಖ್ಯವಾಗಿ ಆ ನಾಲ್ವರು ಮುಖ್ಯಸ್ಥರಿಗೆ. ಉಳಿದವರಿಗೆ ಕಲಿಸುವವರು ಅವರು. ಮುಂದಿನ ವಾರ ಏನು ಮಾಡಬೇಕು, ಚಾರಣ ಎಲ್ಲಿಗೆ, ತಪ್ಪು ಮಾಡಿದ ಹುಡುಗನಿಗೆ ಏನು ಹೇಳಬೇಕು ಎಂಬುದನ್ನು ಆ ಮುಖ್ಯಸ್ಥರು ಕುಳಿತು ತೀರ್ಮಾನಿಸುತ್ತಾರೆ. 'ಕೋರ್ಟ್ ಆಫ್ ಆನರ್' ಎಂಬ ಆ ಸಭೆಯಲ್ಲಿ ಹಿರಿಯ ನಾಯಕ ಬದಿಯಲ್ಲಿ ಕುಳಿತ ಸಲಹೆಗಾರ. ಹದಿಮೂರರ ಹುಡುಗ ಅಕ್ಕಿಯ ಲೆಕ್ಕ ತಪ್ಪಿಸಿ ಅನ್ನ ಕಡಿಮೆಯಾದರೆ ಆಗಲಿ. ಒಂದು ಮಧ್ಯಾಹ್ನ ಅರೆಹೊಟ್ಟೆಯಲ್ಲಿದ್ದು ಅವನು ಕಲಿಯುವ ಲೆಕ್ಕ ನಮ್ಮ ಉಪದೇಶದಿಂದ ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಇದು ಸುಲಭವಲ್ಲ. ಹದಿನೆಂಟು ತುಂಬಿದ ಮಗನಿಗೂ ಮೀನು ತರಲು ಹೇಳುವಾಗ ಮೂರು ಸಲ ಎಚ್ಚರಿಸುವವರು ನಾವು. ಆದರೆ ಪ್ರವಾದಿವರ್ಯರ(ಸ) ಚರಿತ್ರೆಯನ್ನು ನೋಡಿ. ತಮ್ಮ ಅಂತಿಮ ದಿನಗಳಲ್ಲಿ ಹೊರಡಿಸಿದ ಸೇನೆಗೆ ಅವರು ದಂಡನಾಯಕನನ್ನಾಗಿ ನೇಮಿಸಿದ್ದು ಇಪ್ಪತ್ತರ ಆಸುಪಾಸಿನ ತರುಣ ಉಸಾಮಾ ಬಿನ್ ಝೈದ್‌ರನ್ನು(ರ). ಹಿರಿಯ ಸಹಾಬಿಗಳು ಆ ಸೇನೆಯಲ್ಲಿದ್ದರು. ಕೆಲವರು ಗೊಣಗಿದಾಗಲೂ ಅವರು ನಿರ್ಧಾರ ಬದಲಿಸಲಿಲ್ಲ. ಇನ್ನು ಹ. ಅನಸ್(ರ) ಬಾಲ್ಯದಿಂದ ಹತ್ತು ವರ್ಷ ಪ್ರವಾದಿಯವರ(ಸ) ಸೇವೆಯಲ್ಲಿದ್ದವರು. ಆ ಹತ್ತು ವರ್ಷಗಳಲ್ಲಿ ಒಮ್ಮೆಯೂ ತನ್ನನ್ನು ಗದರಿಸಲಿಲ್ಲ, ಮಾಡಿದ್ದಕ್ಕೆ ಏಕೆ ಮಾಡಿದೆ ಎಂದಾಗಲಿ ಮಾಡದ್ದಕ್ಕೆ ಏಕೆ ಬಿಟ್ಟೆ ಎಂದಾಗಲಿ ಕೇಳಲಿಲ್ಲವೆಂದು ಅವರು ನೆನೆಯುತ್ತಿದ್ದರು. ಮೈದಾನದಲ್ಲಿ ಮೂವತ್ತು ಮಕ್ಕಳ ಗದ್ದಲದ ನಡುವೆ ನಿಂತಾಗ ಈ ಹದೀಸ್ ಎಷ್ಟು ಭಾರವಾದದ್ದೆಂದು ತಿಳಿಯುತ್ತದೆ.

ಎರಡನೆಯದು, ಹಾಜರಾಗುವುದು. ಇದನ್ನು ಸಣ್ಣ ವಿಷಯವೆಂದು ಭಾವಿಸಬೇಡಿ. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ತಿರುಳೇ ಇದು. ಗುರಪ್ಪನಪಾಳ್ಯದ ಒಂದು ಕೋಣೆಯ ಮನೆಯಿಂದ ಹುಡುಗನೊಬ್ಬ ಬೆಳಿಗ್ಗೆ ಬೇಗ ಎದ್ದು, ತಾಯಿಯಿಂದ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು, ಜಯನಗರದ ಮೈದಾನದವರೆಗೆ ನಡೆದು ಬರುತ್ತಾನೆಂದಿಟ್ಟುಕೊಳ್ಳಿ. ಗೇಟು ಮುಚ್ಚಿದೆ. ನಾಯಕರಿಗೆ ಏನೋ ಕೆಲಸ ಬಂದಿದೆ. ಹುಡುಗ ಮನೆಗೆ ಮರಳುತ್ತಾನೆ, ಯಾರಿಗೂ ದೂರು ಹೇಳುವುದಿಲ್ಲ. ಇದು ಎರಡು ಸಲ ನಡೆದರೆ ಮೂರನೆಯ ಭಾನುವಾರ ಅವನು ಏಳುವುದಿಲ್ಲ. ದೊಡ್ಡವರ ಮಾತು ಇಷ್ಟೇ ಎಂಬ ಪಾಠವನ್ನು ಆ ವಯಸ್ಸಿನಲ್ಲಿ ಕಲಿತವನು ಅದನ್ನು ಮರೆಯುವುದು ಕಷ್ಟ. ಅಂಥ ಹುಡುಗನಿಗಾಗಿ ಬೀದಿಯಲ್ಲಿ ಬೇರೆಯವರು ಕಾಯುತ್ತಿರುತ್ತಾರೆ. ತಡರಾತ್ರಿ ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸುವುದನ್ನು ಕಲಿಸುವವರು ಒಂದು ದಿನವೂ ತಪ್ಪದೆ ಹಾಜರಿರುತ್ತಾರೆ!

ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಹಿಂಡಿನ ಬಗ್ಗೆ ಅವನನ್ನು ವಿಚಾರಿಸಲಾಗುವುದು ಎಂಬ ಆಶಯದ ಪ್ರವಾದಿ ವಚನವನ್ನು ನಾವು ಮನೆಯ ಯಜಮಾನನಿಗೆ, ಆಡಳಿತಗಾರನಿಗೆ ಅನ್ವಯಿಸಿ ಕೇಳಿದ್ದೇವೆ. ಭಾನುವಾರ ಬೆಳಗ್ಗಿನ ಎರಡು ಗಂಟೆಗೆ ಮಕ್ಕಳನ್ನು ಒಪ್ಪಿಸಿಕೊಂಡವನಿಗೂ ಅದು ಅನ್ವಯಿಸುತ್ತದೆ. ಆದ್ದರಿಂದ ಒಪ್ಪಿಕೊಳ್ಳುವ ಮೊದಲು ಲೆಕ್ಕ ಹಾಕಿ. ವಾರವಾರ ಬರಲಾಗದಿದ್ದರೆ ಸಹಾಯಕನಾಗಿ ತಿಂಗಳಿಗೆ ಎರಡು ಸಲ ಬರುವೆನೆಂದು ಮೊದಲೇ ಹೇಳಿ, ಆ ಎರಡನ್ನು ತಪ್ಪಿಸಬೇಡಿ. ರಮಝಾನ್‌ನಲ್ಲಿ ಸಮಯ ಬದಲಾಗಬೇಕೇ, ಪರೀಕ್ಷೆಯ ತಿಂಗಳಲ್ಲಿ ನಿಲ್ಲಿಸಬೇಕೇ ಎಂಬುದನ್ನು ವರ್ಷದ ಆರಂಭದಲ್ಲೇ ಬರೆದಿಟ್ಟುಕೊಳ್ಳಿ.

ಇಲ್ಲಿ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ನಮ್ಮ ಧರ್ಮಾಚರಣೆಗೆ ಇದರಿಂದ ತೊಡಕಾಗದೇ? ಸ್ಕೌಟ್ ಪ್ರತಿಜ್ಞೆಯಲ್ಲಿ ಇರುವುದು ದೇವರ ಬಗೆಗಿನ ಹಾಗೂ ದೇಶದ ಬಗೆಗಿನ ಕರ್ತವ್ಯ, ಇತರರಿಗೆ ನೆರವು ಮತ್ತು ಸ್ಕೌಟ್ ನಿಯಮದ ಪಾಲನೆ. 'ದೇವರು' ಎಂಬಲ್ಲಿ 'ಧರ್ಮ' ಎನ್ನಲು ಬಯಸುವವರಿಗೂ ಅವಕಾಶವಿದೆ. ತನ್ನ ಧರ್ಮ ಬಿಡು ಎಂದು ಅದು ಯಾರಿಗೂ ಹೇಳುವುದಿಲ್ಲ. ಅದನ್ನು ಸರಿಯಾಗಿ ಪಾಲಿಸು ಎನ್ನುತ್ತದೆ. ಶಿಬಿರಗಳಲ್ಲಿ ಸರ್ವಧರ್ಮ ಪ್ರಾರ್ಥನೆ ನಡೆಯುತ್ತದೆ. ಯಾವುದಾದರೂ ಭಾಗ ನಮ್ಮ ವಿಶ್ವಾಸಕ್ಕೆ ಹೊಂದದು ಎಂದು ತೋರಿದರೆ ತಿಳಿದ ಆಲಿಮರನ್ನು ಕೇಳಿ, ಸಂಘಟಕರೊಂದಿಗೆ ಮುಂಚಿತವಾಗಿ, ಸೌಜನ್ಯದಿಂದ ಮಾತಾಡಿ. ಸಾಲಿನಲ್ಲಿ ನಿಂತ ಮೇಲೆ ಮಗುವಿನ ಕಿವಿಯಲ್ಲಿ ಪಿಸುಗುಟ್ಟಿ ಅದನ್ನು ಗೊಂದಲಕ್ಕೆ ತಳ್ಳುವುದು ಸರಿಯಲ್ಲ.

ವಾಸ್ತವದಲ್ಲಿ ದಳದೊಳಗೆ ನಾಯಕನಾಗಿ ನೀವಿದ್ದರೆ ಇಂಥ ತೊಡಕುಗಳು ಅರ್ಧಕ್ಕರ್ಧ ಕರಗುತ್ತವೆ. ಶಿಬಿರದ ವೇಳಾಪಟ್ಟಿ ಬರೆಯುವಾಗಲೇ ಝುಹ್ರ್, ಅಸ್ರ್‌ಗೆ ಹದಿನೈದು ನಿಮಿಷ ಸೇರಿರುತ್ತದೆ, ವುಝೂ ಮಾಡಲು ನೀರು ಎಲ್ಲಿದೆಯೆಂದು ನೋಡಿರುತ್ತೀರಿ, ಮಾಂಸ ಹಲಾಲ್ ಆಗಿರದಿದ್ದರೆ ತರಕಾರಿ ಊಟವೇ ಸಾಕೆಂದು ಹೇಳಿರುತ್ತೀರಿ. ಆದರೆ ನಮ್ಮ ಮಗುವಿನ ನಮಾಝ್‌ಗೆ ಸಮಯ ಕೇಳುವ ನಾಯಕ ಜೈನ ಮಗುವಿನ ತಟ್ಟೆಗೆ ಈರುಳ್ಳಿ ಬೀಳದಂತೆ ಅಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕು. ಏಕಾದಶಿಯೆಂದು ಉಪವಾಸವಿದ್ದ ಹುಡುಗನನ್ನು ಬಿಸಿಲಲ್ಲಿ ಓಡಿಸಬಾರದು. ದಳ ನಮ್ಮ ಮೊಹಲ್ಲಾದ್ದಲ್ಲ, ಅದು ಬಡಾವಣೆಯ ಎಲ್ಲ ಮಕ್ಕಳದ್ದು. ತಿಲಕನಗರ, ಇಲ್ಯಾಸ್‌ನಗರ, ಯಾರಬ್‌ನಗರಗಳ ಮಕ್ಕಳಿಗೂ ಜಯನಗರದ ಬ್ಲಾಕುಗಳ ಮಕ್ಕಳಿಗೂ ನಡುವೆ ಒಂದು ರಸ್ತೆಯಷ್ಟೇ ಅಂತರ. ಆದರೂ ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸುವ ಅವಕಾಶ ಅವರಿಗೆ ಬೇರೆಲ್ಲಿ ಸಿಗುತ್ತದೆ? ಪ್ರವಾದಿತ್ವಕ್ಕೆ ಮುಂಚೆ, ಮಕ್ಕಾದಲ್ಲಿ ದುರ್ಬಲರ ನೆರವಿಗಾಗಿ ನಡೆದ 'ಹಿಲ್ಫುಲ್ ಫುದೂಲ್' ಒಪ್ಪಂದದಲ್ಲಿ ಭಾಗವಹಿಸಿದ್ದನ್ನು ಪ್ರವಾದಿವರ್ಯರು(ಸ) ಮುಂದೆಯೂ ಅಭಿಮಾನದಿಂದ ಸ್ಮರಿಸುತ್ತಿದ್ದರು. ಒಳಿತಿನಲ್ಲಿ ಯಾರ ಜೊತೆಗೂ ಕೈಜೋಡಿಸಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ? ಹಜ್ಜ್‌ಗೆ ಹೋಗಿ ಬಂದವರನ್ನು ಕೇಳಿ: ಮಿನಾದಲ್ಲಿ ದಾರಿ ತಪ್ಪಿದ ವೃದ್ಧರನ್ನು ಡೇರೆಗೆ ತಲುಪಿಸುವವರಲ್ಲಿ ಸೌದಿ ಸ್ಕೌಟ್ ಹುಡುಗರೂ ಇರುತ್ತಾರೆ. ವಿಶ್ವದಲ್ಲೇ ಅತಿ ದೊಡ್ಡ ಸ್ಕೌಟ್ ಸಂಸ್ಥೆ ಇರುವುದು ಇಂಡೋನೇಷ್ಯಾದಲ್ಲಿ.

ಸಹೋದರಿಯರೂ ಇದನ್ನು ಪುರುಷರ ವಿಷಯವೆಂದು ಪುಟ ತಿರುವಬಾರದು. ಹುಡುಗಿಯರ ಗೈಡ್ ದಳಕ್ಕೆ ಕ್ಯಾಪ್ಟನ್ ಆಗುವವರು ಮಹಿಳೆಯರೇ. ಚಿಕ್ಕ ಹುಡುಗಿಯರ ಬುಲ್‌ಬುಲ್ ತಂಡಕ್ಕೂ ಅವರೇ ಬೇಕು. ಪುಟ್ಟ ಹುಡುಗರ ಕಬ್ ತಂಡವನ್ನೂ ಅವರು ನಡೆಸಬಹುದು. ಸಮವಸ್ತ್ರದಲ್ಲಿ ಸಲ್ವಾರ್ ಕಮೀಝ್ ಮತ್ತು ದುಪಟ್ಟಾಕ್ಕೆ ಅವಕಾಶವಿದೆ. ಮಗಳನ್ನು ಶಿಬಿರಕ್ಕೆ ಕಳಿಸಲು ಹೆದರುವ ಹತ್ತು ತಾಯಂದಿರ ಹೆದರಿಕೆ, ಪರಿಚಯದ ಒಬ್ಬ ತಾಯಿ ಜೊತೆಗೆ ಹೊರಟರೆ ಕಡಿಮೆಯಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಯಾವ ದಾಕ್ಷಿಣ್ಯವೂ ಸಲ್ಲದು. ಅದು ಮಕ್ಕಳ ಸುರಕ್ಷೆ. ಹಿರಿಯನೊಬ್ಬ ಒಂದು ಮಗುವಿನೊಂದಿಗೆ ಏಕಾಂತದಲ್ಲಿ ಇರಕೂಡದು, ಎಷ್ಟೇ ನಂಬಿಗಸ್ತನಾಗಿರಲಿ, ಹಾಜಿಯಾಗಿರಲಿ, ನಿಮ್ಮ ಭಾವನೇ ಆಗಿರಲಿ. ಶಿಬಿರದಲ್ಲಿ ಕನಿಷ್ಠ ಇಬ್ಬರು ಹಿರಿಯರಿರಬೇಕು. ಅವರ ಡೇರೆ ಬೇರೆ, ಮಕ್ಕಳ ಡೇರೆ ಬೇರೆ. ಹೊರಗೆ ಕರೆದೊಯ್ಯುವಾಗ ತಂದೆ-ತಾಯಿಯ ಲಿಖಿತ ಒಪ್ಪಿಗೆ ಬೇಕು. ಮಗುವಿನ ಕಾಯಿಲೆ, ಅಲರ್ಜಿ, ಮನೆಯ ಫೋನ್ ಸಂಖ್ಯೆ ಕೈಯಲ್ಲಿರಬೇಕು. ಏನಾದರೂ ಅನಾಹುತ ನಡೆದರೆ ಹುಡುಗನ ಮರ್ಯಾದೆ, ಮನೆತನದ ಮರ್ಯಾದೆ ಎಂದು ಮುಚ್ಚಿಡುವ ಚಾಳಿ ನಮ್ಮಲ್ಲಿದೆ. ಸಹೋದರನ ನ್ಯೂನತೆಗೆ ಪರದೆ ಹಾಕಬೇಕೆಂಬ ಧರ್ಮದ ಬೋಧನೆಯನ್ನು ಇಲ್ಲಿಗೆ ಎಳೆದು ತರುವವರೂ ಇದ್ದಾರೆ. ಆ ಬೋಧನೆ ಮಗುವನ್ನು ಪೀಡಿಸುವವನ ರಕ್ಷಣೆಗೆ ಬಂದದ್ದಲ್ಲ. ನಮ್ಮ ದೇಶದ 2012ರ ಪೋಕ್ಸೋ ಕಾನೂನಿನಂತೆ ಇಂಥದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098ನ್ನು ಪ್ರತಿ ಮಗುವಿಗೂ ಬಾಯಿಪಾಠ ಮಾಡಿಸಿ, ಗಂಟು ಕಲಿಸುವುದಕ್ಕಿಂತ ಮೊದಲು.

ಹಣದ ಲೆಕ್ಕವೂ ಹಾಗೆಯೇ. ಚಾರಣಕ್ಕೆಂದು ಸೇರಿಸಿದ ಐವತ್ತು ರೂಪಾಯಿಗಳ ಖರ್ಚನ್ನು ಒಬ್ಬ ಪ್ಯಾಟ್ರೋಲ್ ಮುಖ್ಯಸ್ಥನ ಕೈಯಿಂದಲೇ ಬರೆಸಿ, ಮುಂದಿನ ಭಾನುವಾರ ಎಲ್ಲರ ಮುಂದೆ ಓದಿಸಿದರೆ ಸಾಕು.

ಎಲ್ಲಿಂದ ಆರಂಭಿಸುವುದು? ಹೊಸ ದಳ ಕಟ್ಟುವ ಉತ್ಸಾಹ ಬೇಡ. ಮಗನ ಶಾಲೆಯಲ್ಲಿ ದಳವಿದ್ದರೆ ಅಲ್ಲಿನ ಶಿಕ್ಷಕರನ್ನು ಕಾಣಿ. ಶಾಲೆಗೆ ಸೇರದ 'ಓಪನ್ ಗ್ರೂಪ್'ಗಳೂ ಇರುತ್ತವೆ, ಜಿಲ್ಲಾ ಸಂಸ್ಥೆಯಲ್ಲಿ ವಿಚಾರಿಸಿ. ಮೊದಲ ಒಂದೆರಡು ತಿಂಗಳು ಏನನ್ನೂ ಬದಲಿಸದೆ ಬದಿಯಲ್ಲಿ ನಿಂತು ಮಕ್ಕಳ ಹೆಸರು ಕಲಿಯಿರಿ. ಆ ಬಳಿಕ ತರಬೇತಿಗೆ ಹೆಸರು ಕೊಡಿ. ಮೊದಲ ಚಾರಣ ದೂರಕ್ಕೆ ಬೇಕಿಲ್ಲ. ಅಶೋಕ ಸ್ತಂಭದ ಬಳಿ ಸೇರಿ ಲಾಲ್‌ಬಾಗ್‌ಗೆ ನಡೆದು ಹೋಗಿ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಆ ತೋಟದಲ್ಲಿ ಪ್ರತಿ ಪ್ಯಾಟ್ರೋಲ್‌ಗೆ ಹತ್ತು ಮರಗಳನ್ನು ಗುರುತಿಸಲು ಹೇಳಿ. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದೆನ್ನುವ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಬಳಿ ಕುಳಿತು ದಿಕ್ಸೂಚಿಯಿಂದ ಜಯನಗರ ಯಾವ ಕಡೆ ಎಂದು ಕಂಡುಹಿಡಿಯಲಿ. ನಮ್ಮ ಹುಡುಗರು ಅದೇ ದಿಕ್ಸೂಚಿಯಲ್ಲಿ ಕಿಬ್ಲಾವನ್ನೂ ಹುಡುಕುತ್ತಾರೆ, ಪಕ್ಕದ ಹುಡುಗ ಅದೇನೆಂದು ಕೇಳುತ್ತಾನೆ, ಇವನು ವಿವರಿಸುತ್ತಾನೆ. ನೀವು ಅಷ್ಟು ಹೊತ್ತು ನೀರಿನ ಬಾಟಲಿಗಳನ್ನು ಎಣಿಸುತ್ತಿರಿ.